ಕಲ್ಯಾಣದ ಕಟಕಟೆ, ಕಾನೂನಿನ ಪಾಠ

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಸವಕಲ್ಯಾಣದ ಕೋರ್ಟಿನ ಅಂಗಳ ಗಿಜಿಗುಡುತ್ತಿರುತ್ತದೆ. ಕರಿಕೋಟು ತೊಟ್ಟ ವಕೀಲರು ಕಡತಗಳನ್ನು ಬಗಲಲ್ಲಿಟ್ಟುಕೊಂಡು ಒಂದು ಹಾಲಿನಿಂದ ಇನ್ನೊಂದು ಹಾಲಿಗೆ ದಾಪುಗಾಲು ಹಾಕುತ್ತಾರೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಬಂದವರು ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಕಂದಾಯದ ರಸೀದಿ, ಆಧಾರ್ ಜೆರಾಕ್ಸ್ ತುಂಬಿಕೊಂಡು ವರಾಂಡದ ಗೋಡೆಗೆ ಒರಗಿ ಕೂತಿರುತ್ತಾರೆ. ಜವಾನ ಬಾಗಿಲಿಗೆ ಬಂದು ಹೆಸರು ಕೂಗಿದಾಗ ಯಾರೋ ಒಬ್ಬರು ಗಡಬಡಿಸಿ ಏಳುತ್ತಾರೆ. ಒಂದೇ ಬೆಂಚಿನ ಮೇಲೆ ಕನ್ನಡ, ಮರಾಠಿ, ದಖ್ಖನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ.

ಈ ಅಂಗಳದಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದಿದೆ. “ತವರಿನ ಹೊಲದಾಗ ಹೆಣ್ಮಕ್ಕಳಿಗೂ ಪಾಲು ಬರ್ತದೇನ್ರೀ ವಕೀಲ ಸಾಹೇಬ್ರ?”

ಸುಮಾರು ಒಂಬೈನೂರು ವರ್ಷಗಳ ಹಿಂದೆ ಇದೇ ಕಲ್ಯಾಣದಲ್ಲಿ ಒಬ್ಬ ಪಂಡಿತ ಈ ಪ್ರಶ್ನೆಯನ್ನು ಎತ್ತಿಕೊಂಡು, ತನಗಿಂತ ಹಿಂದಿನವರ ವಾದಗಳನ್ನು ತೂಗಿ, ಕಾರಣ ಕೊಟ್ಟು ಉತ್ತರ ಬರೆದಿದ್ದ. ಇಂದು ಅದೇ ಊರಿನ ಕೋರ್ಟಿನಲ್ಲಿ ಕೂರುವ ನ್ಯಾಯಾಧೀಶರು ಮಾಡುವುದೂ ಅದನ್ನೇ. ತೀರ್ಪು ಕೊಡುವವರು ಬೇರೆ, ಪಾಠ ಹೇಳುವವರು ಬೇರೆ ಎಂದು ನಾವು ಅಂದುಕೊಂಡಿದ್ದೇವೆ. ಆದರೆ ಕಾನೂನಿನಲ್ಲಿ ಇವೆರಡೂ ಒಂದೇ ಬೇರಿನಿಂದ ಹುಟ್ಟಿದವು. ಅದನ್ನು ತಿಳಿಯಲು ಬಸವಕಲ್ಯಾಣ, ಹುಮನಾಬಾದಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ವಿಕ್ರಮಾದಿತ್ಯನ ರಾಜಧಾನಿಯಲ್ಲಿ

ಕಲ್ಯಾಣಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ಇಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಆತ ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟರ ಮಗ, ಪರಿವ್ರಾಜಕ ಸಂನ್ಯಾಸಿ. ಕಲಬುರಗಿ ಜಿಲ್ಲೆಯ ಮರತೂರನ್ನು ಅವನ ಊರೆಂದು ಗುರುತಿಸಲಾಗಿದ್ದು, ಅಲ್ಲಿ ಅವನ ಹೆಸರಿನ ಭವನವಿದೆ. ಗ್ರಂಥದ ಕೊನೆಯ ಶ್ಲೋಕಗಳಲ್ಲಿ ಕಲ್ಯಾಣದಂಥ ನಗರ, ವಿಕ್ರಮನಂಥ ದೊರೆ, ವಿಜ್ಞಾನೇಶ್ವರನಂಥ ಪಂಡಿತ ಇನ್ನಿಲ್ಲವೆಂಬ ಹೆಮ್ಮೆಯ ಮಾತಿದೆ. ಈ ಊರನ್ನು ಬಸವಣ್ಣನವರ ಅನುಭವ ಮಂಟಪದ ನೆಲೆಯೆಂದು ನಾಡೆಲ್ಲ ಬಲ್ಲದು. ಅದಕ್ಕೂ ಒಂದು ತಲೆಮಾರು ಮೊದಲೇ ಇದು ಕಾನೂನಿನ ವಿದ್ಯಾಪೀಠವಾಗಿತ್ತು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಮಿತಾಕ್ಷರಾ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಭಾಗಗಳಲ್ಲಿದೆ. ಕೋರ್ಟು ಕಚೇರಿಗೆ ಸಂಬಂಧಿಸಿದ್ದು ನಡುವಿನ ವ್ಯವಹಾರ ಕಾಂಡ. ಅದರಲ್ಲಿ ದಾವೆಗೆ ನಾಲ್ಕು ಹಂತಗಳನ್ನು ಹೇಳಿದೆ. ವಾದಿ ತನ್ನ ದೂರು ಹೇಳುವುದು, ಪ್ರತಿವಾದಿ ಉತ್ತರ ಕೊಡುವುದು, ಪ್ರಮಾಣ ಒದಗಿಸುವುದು, ಕೊನೆಗೆ ನಿರ್ಣಯ. ಪ್ರಮಾಣಗಳೆಂದರೆ ಬರೆದ ಪತ್ರ, ಅನುಭೋಗ, ಸಾಕ್ಷಿ. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯಪರೀಕ್ಷೆ. ದಿವ್ಯವನ್ನು ಕೈಬಿಟ್ಟು ನೋಡಿದರೆ, ಈಗಿನ ಸಿವಿಲ್ ದಾವೆಯ ಚೌಕಟ್ಟೂ ಇದೇ. ದಾವಾ ಅರ್ಜಿ, ಲಿಖಿತ ಹೇಳಿಕೆ, ಸಾಕ್ಷ್ಯ, ತೀರ್ಪು.

ಆದರೆ ನನಗೆ ಮುಖ್ಯವಾಗಿ ಕಾಣುವುದು ಅವನು ವಿಷಯವನ್ನು ಬಿಡಿಸುವ ಬಗೆ. ಮೊದಲು ಒಂದು ಪ್ರಶ್ನೆ. ಅದಕ್ಕೆ ಎದುರಾಳಿ ಹೇಳಬಹುದಾದ ಅತ್ಯಂತ ಗಟ್ಟಿ ವಾದ. ಹಿಂದಿನ ಪಂಡಿತರು ಏನೆಂದರು, ಅವರಲ್ಲಿ ಯಾರ ಮಾತು ನಿಲ್ಲುತ್ತದೆ, ಯಾರದು ಏಕೆ ಬೀಳುತ್ತದೆ. ಆಮೇಲೆ ಸಿದ್ಧಾಂತ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶವೂ ನ್ಯಾಯಾಧೀಶರಿಂದ ಬಯಸುವುದು ಇದನ್ನೇ. ತೀರ್ಪಿನಲ್ಲಿ ಪ್ರಕರಣದ ಸಂಗತಿ, ನಿರ್ಣಯವಾಗಬೇಕಾದ ಅಂಶಗಳು, ಅವುಗಳ ಮೇಲಿನ ನಿರ್ಧಾರ, ಆ ನಿರ್ಧಾರಕ್ಕೆ ಕಾರಣ ಇವಿಷ್ಟೂ ಇರಲೇಬೇಕು. ‘ನೀನು ಸೋತೆ’ ಎಂದರೆ ಸಾಲದು. ಏಕೆ ಸೋತೆ ಎಂಬುದನ್ನು ಸೋತವನಿಗೇ ತಿಳಿಯುವಂತೆ ಹೇಳಬೇಕು. ಕಲಿಸುವವನ ಕೆಲಸವೂ ಇದೇ ಅಲ್ಲವೇ?

ಒಂಬತ್ತು ಎಕರೆಯ ಲೆಕ್ಕ

ಒಂದು ಉದಾಹರಣೆ ಹಿಡಿದು ನೋಡೋಣ. ಹುಮನಾಬಾದ್ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ಒಂಬತ್ತು ಎಕರೆ ಪಿತ್ರಾರ್ಜಿತ ಹೊಲ. ತೊಗರಿ, ಸೋಯಾ ಬೆಳೆಯುವ ಎರೆಭೂಮಿ ಎಂದಿಟ್ಟುಕೊಳ್ಳಿ. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ತಂದೆ ಉಯಿಲು ಬರೆಯದೆ ಸತ್ತಿದ್ದಾನೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು.

ವಿಜ್ಞಾನೇಶ್ವರನ ಲೆಕ್ಕದಲ್ಲಿ ಮಗ ಹುಟ್ಟಿದ ಕ್ಷಣದಿಂದಲೇ ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕುದಾರ. ಬಂಗಾಳದಲ್ಲಿ ನಡೆದುಬಂದ ಜೀಮೂತವಾಹನನ ‘ದಾಯಭಾಗ’ದಲ್ಲಿ ತಂದೆ ಸತ್ತ ಮೇಲಷ್ಟೇ ಮಗನಿಗೆ ಹಕ್ಕು. ಇದು ಇಬ್ಬರಿಗೂ ಇರುವ ದೊಡ್ಡ ವ್ಯತ್ಯಾಸ. ಮಗಳ ವಿಷಯಕ್ಕೆ ಬಂದರೆ, ಮದುವೆಯಾಗದ ಅಕ್ಕತಂಗಿಯರಿಗೆ ಸೋದರರು ತಮ್ಮ ಪಾಲಿನ ಕಾಲುಭಾಗ ಕೊಡಬೇಕೆಂದು ಯಾಜ್ಞವಲ್ಕ್ಯ ಹೇಳಿದ್ದ. ಅದು ಮದುವೆಯ ಖರ್ಚಿಗೆ ಕೊಡುವ ಹಣವಷ್ಟೇ ಎಂದು ಭಾರುಚಿಯಂಥ ಹಿಂದಿನ ಪಂಡಿತರು ವಾದಿಸಿದ್ದರು. ವಿಜ್ಞಾನೇಶ್ವರ ಒಪ್ಪಲಿಲ್ಲ. ಅಸಹಾಯ, ಮೇಧಾತಿಥಿಯರ ಪಕ್ಷ ಹಿಡಿದು, ತಂದೆ ಸತ್ತ ಮೇಲೆ ಆ ಹೆಣ್ಣುಮಕ್ಕಳೂ ಅಂಶಕ್ಕೆ ಭಾಗಿಗಳೇ ಎಂದ. ಲೆಕ್ಕವನ್ನೂ ಬಿಡಿಸಿ ತೋರಿಸಿದ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳಾದರೆ ಆಸ್ತಿಯನ್ನು ಮೂರು ಮಾಡು, ಒಂದು ಭಾಗವನ್ನು ಮತ್ತೆ ನಾಲ್ಕು ಮಾಡು, ಅದರಲ್ಲೊಂದನ್ನು ಮಗಳಿಗೆ ಕೊಡು. ಅಂದರೆ ಹನ್ನೆರಡರಲ್ಲೊಂದು. ನಮ್ಮ ಒಂಬತ್ತು ಎಕರೆಯಲ್ಲಿ ಅದು ಮೂವತ್ತು ಗುಂಟೆ.

ಈಗ 1956ಕ್ಕೆ ಬರೋಣ. ಆ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಸಾಯುವ ಮುನ್ನ ಆಸ್ತಿ ಭಾಗವಾಗಿತ್ತೆಂದು ಮೊದಲು ಊಹಿಸಬೇಕು. ತಂದೆಗೆ ಮೂರು ಎಕರೆ, ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು. ಮಗಳಿಗೆ ಹುಟ್ಟಿನ ಹಕ್ಕು ಇಲ್ಲದ್ದರಿಂದ ಈ ಸುತ್ತಿನಲ್ಲಿ ಅವಳಿಗೆ ಏನೂ ಇಲ್ಲ. ಆಮೇಲೆ ತಂದೆಯ ಮೂರು ಎಕರೆಯನ್ನು ಮೂವರು ಮಕ್ಕಳಿಗೂ ಸಮನಾಗಿ ಹಂಚಬೇಕು. ಗಂಡುಮಕ್ಕಳಿಗೆ ತಲಾ ನಾಲ್ಕು ಎಕರೆ, ಮಗಳಿಗೆ ಒಂದು ಎಕರೆ. ಎಂಟು ಶತಮಾನಗಳು ಉರುಳಿದ ಮೇಲೆ ಅವಳ ಪಾಲಿಗೆ ಹೆಚ್ಚಿದ್ದು ಹತ್ತು ಗುಂಟೆ.

ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ಬರುವಂತೆ ತನ್ನದೇ ತಿದ್ದುಪಡಿ ತಂದು ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವಳಿಗೆ ಅದು ದಕ್ಕಲಿಲ್ಲ. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ಪರಿಸ್ಥಿತಿ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ಅಳಿಸಿತು. ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಷ್ಟೇ ಹಕ್ಕುದಾರಳು. ಈಗ ನಮ್ಮ ಲೆಕ್ಕದಲ್ಲಿ ಮೂವರಿಗೂ ಮೂರು ಮೂರು ಎಕರೆ.

ಮೂವತ್ತು ಗುಂಟೆ, ಒಂದು ಎಕರೆ, ಮೂರು ಎಕರೆ. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಇತಿಹಾಸವನ್ನು ತರಗತಿಯಲ್ಲಿ ಹೇಳಿಕೊಡಲು ನನಗೆ ಇದಕ್ಕಿಂತ ಸರಳ ದಾರಿ ಗೊತ್ತಿಲ್ಲ.

ಕಾಯ್ದೆ ಬಂದ ಮೇಲೂ ಜಗಳ ನಿಲ್ಲಲಿಲ್ಲ. 2005ಕ್ಕೆ ಮೊದಲೇ ತಂದೆ ಸತ್ತಿದ್ದರೆ? ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ್ದ ದಾವೆಯೊಂದು ಮೇಲೇರಿ ಹೋಗಿ, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣ. 2018ರಲ್ಲಿ ಅದೇ ಕೋರ್ಟ್ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, ತಂದೆ 2001ರಲ್ಲಿ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳೇ. ಕೆಳಗಿನ ಕೋರ್ಟು ಯಾವುದನ್ನು ಹಿಡಿಯಬೇಕು? ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಗೊಂದಲ ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಯಾವಾಗ ಸತ್ತ ಎಂಬುದು ಲೆಕ್ಕಕ್ಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ಪಾಲು, ಮಾರಾಟಗಳಿಗೆ ಮಾತ್ರ ಧಕ್ಕೆಯಿಲ್ಲ. ಆ ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ಕರ್ನಾಟಕದ ನ್ಯಾ. ಎಸ್. ಅಬ್ದುಲ್ ನಜೀರ್.

ಗಮನಿಸಿ: ಹುಟ್ಟಿನಿಂದ ಬರುವ ಹಕ್ಕು ಎಂಬ ಕಲ್ಪನೆ ಕಲ್ಯಾಣದಲ್ಲಿ ಬರೆದ ಪುಸ್ತಕದ್ದು. ಅದನ್ನು 1810ರಲ್ಲಿ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದ. ಅಲ್ಲಿಂದ ಅದು ಬ್ರಿಟಿಷ್ ಕೋರ್ಟುಗಳಿಗೂ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋಯಿತು. ಎರಡು ಶತಮಾನಗಳ ಬಳಿಕ ದೇಶದ ಹಿಂದೂ ಹೆಣ್ಣುಮಕ್ಕಳೂ ಅದರೊಳಗೆ ಸೇರಿದರು. ಇಂದು ಬಸವಕಲ್ಯಾಣದ ಸಿವಿಲ್ ನ್ಯಾಯಾಧೀಶರು ಪಾಲು-ವಾಟ್ನಿ ದಾವೆಯಲ್ಲಿ ವಂಶವೃಕ್ಷ ಮುಂದಿಟ್ಟುಕೊಂಡು ಭಿನ್ನರಾಶಿ ಬಿಡಿಸುವಾಗ ತಮ್ಮ ಊರಿನ ಪಾಠವನ್ನೇ ಮುಂದುವರಿಸುತ್ತಿರುತ್ತಾರೆ.

ಹೈದರಾಬಾದಿನಿಂದ ಬೆಂಗಳೂರಿಗೆ

ನಡುವಿನ ಶತಮಾನಗಳಲ್ಲಿ ಈ ನಾಡು ಬಹಮನಿ, ಬರೀದಶಾಹಿಗಳ ಕೈದಾಟಿ ನಿಜಾಮರ ಆಳ್ವಿಕೆಗೆ ಬಂತು. ಕಲ್ಯಾಣಿ ಒಬ್ಬ ನವಾಬರ ಜಹಗೀರಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೇ ಉರ್ದುವಿನಲ್ಲಿ ಕೊಟ್ಟಿತು. ಹೀಗಾಗಿ ಇಲ್ಲಿನ ಹಳೆಯ ವಕೀಲರ ವಾದ, ಮುನ್ಸಿಫರ ತೀರ್ಪು, ಭೂಮಿಯ ದಾಖಲೆ ಎಲ್ಲವೂ ಉರ್ದು. ಅಜ್ಜನ ಕಾಲದ ಕಾಗದವೊಂದು ಸಾಕ್ಷ್ಯವಾಗಿ ಬಂದರೆ ಇವತ್ತಿಗೂ ಅದನ್ನು ಓದಿ ಅನುವಾದಿಸುವವರನ್ನು ಹುಡುಕಬೇಕು.

ಹಳೆಯ ಮೈಸೂರಿನಲ್ಲಿ 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಆಸ್ತಿಹಕ್ಕಿಗೆ ಪ್ರತ್ಯೇಕ ಕಾಯ್ದೆ ಬಂದಿತ್ತು. ಆದರೆ ಬೀದರಿನ ಹೆಣ್ಣುಮಕ್ಕಳು ಅದರ ಹೊರಗೇ ಉಳಿದಿದ್ದರು. ಒಂದೇ ಭಾಷೆಯ ಜನಕ್ಕೆ ಎರಡು ಸಂಸ್ಥಾನಗಳ ಎರಡು ಕಾನೂನು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಮೇಲ್ಮನವಿಯ ದಾರಿಯೂ ಬದಲಾಯಿತು. ಇನ್ನೂರು ಕಿಲೋಮೀಟರಿನೊಳಗಿದ್ದ ಹೈದರಾಬಾದಿನ ಬದಲು ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರು. ಅರ್ಧ ಶತಮಾನ ಹೀಗೇ ಕಳೆಯಿತು. 2008ರ ಜುಲೈಯಲ್ಲಿ ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯಿತು, 2013ರ ಆಗಸ್ಟಿನಲ್ಲಿ ಅದು ಕಾಯಂ ಪೀಠವಾಯಿತು. ಬಸವಕಲ್ಯಾಣದ ಕಕ್ಷಿದಾರ ಈಗ ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಮರಳಬಹುದು. ಈ ಒಂದು ಬದಲಾವಣೆ ಇಲ್ಲಿನ ಬಡವರಿಗೆ ಯಾವ ಕಾಯ್ದೆಗಿಂತಲೂ ಕಡಿಮೆಯದಲ್ಲ.

ನ್ಯಾಯಾಧೀಶರಾಗುವ ಹಾದಿ

ಜಡ್ಜ್ ಸಾಹೇಬ್ರು ಎಲ್ಲಿಂದ ಬರುತ್ತಾರೆ ಎಂಬುದು ಬಹಳ ಜನಕ್ಕೆ ಅರೆಬರೆ ಗೊತ್ತಿರುವ ವಿಷಯ. ಮೊದಲ ಮೆಟ್ಟಿಲು ಸಿವಿಲ್ ನ್ಯಾಯಾಧೀಶರು ಮತ್ತು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಹುದ್ದೆ. ಕೋರ್ಟಿನ ಭಾಷೆಯಲ್ಲಿ ಜೆಎಂಎಫ್‌ಸಿ. ಇದಕ್ಕೆ ಹೈಕೋರ್ಟ್ ಪರೀಕ್ಷೆ ನಡೆಸುತ್ತದೆ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಕಾನೂನಿನ ಪತ್ರಿಕೆಗಳ ಜೊತೆಗೆ ಕನ್ನಡ–ಇಂಗ್ಲಿಷ್ ಅನುವಾದದ್ದೇ ಒಂದು ಪತ್ರಿಕೆ ಇದೆ. ಸಾಕ್ಷಿ ಕನ್ನಡದಲ್ಲಿ ನುಡಿದದ್ದು ದಾಖಲೆಯಲ್ಲಿ ತಪ್ಪಾಗಿ ಕೂತರೆ ಒಬ್ಬರ ಹೊಲ ಹೋಗಬಹುದು, ಇನ್ನೊಬ್ಬರು ಜೈಲಿಗೆ ಹೋಗಬಹುದು. ಹಾಗಾಗಿ ಈ ಪತ್ರಿಕೆ ಬಹಳ ಮುಖ್ಯ.

ಕಾಲೇಜಿನಿಂದ ನೇರವಾಗಿ ಬಂದವರೂ ಈ ಪರೀಕ್ಷೆ ಬರೆಯಬಹುದಾಗಿದ್ದ ಕಾಲವೊಂದಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕೆಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಕಕ್ಷಿದಾರನ ಸಂಕಟವನ್ನು ಪುಸ್ತಕದಿಂದ ಕಲಿಯಲಾಗದು ಎಂಬುದು ಇದರ ಹಿಂದಿನ ಯೋಚನೆ. ಅದು ಸರಿಯಾದದ್ದೇ. ಆದರೆ ತಾಲ್ಲೂಕು ಕೋರ್ಟಿನಲ್ಲಿ ಹೊಸ ವಕೀಲರಿಗೆ ಆ ಮೂರು ವರ್ಷ ಕೈಗೆ ಬರುವ ಹಣ ಅಷ್ಟಕ್ಕಷ್ಟೆ. ಬಡ ಮನೆಯ ಜಾಣ ಹುಡುಗಿಯೊಬ್ಬಳು ಆ ಕಾಲವನ್ನು ದಾಟಲು ನೆರವು ಬೇಕು. ಅದಿಲ್ಲದಿದ್ದರೆ ನಿಯಮದ ಭಾರ ಅವಳ ಮೇಲೇ ಬೀಳುತ್ತದೆ.

ಆಯ್ಕೆಯಾದವರಿಗೆ ಬೆಂಗಳೂರಿನ ಕ್ರೆಸೆಂಟ್ ರಸ್ತೆಯಲ್ಲಿರುವ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ. ಅಲ್ಲಿ ಪಾಠ ಹೇಳುವವರಲ್ಲಿ ಸೇವೆಯಲ್ಲಿರುವ ಮತ್ತು ನಿವೃತ್ತರಾದ ನ್ಯಾಯಾಧೀಶರೇ ಹೆಚ್ಚು. ಮುಂದಿನ ಮೆಟ್ಟಿಲು ಹಿರಿಯ ಸಿವಿಲ್ ನ್ಯಾಯಾಧೀಶರದು, ಅದರ ಮೇಲೆ ಜಿಲ್ಲಾ ನ್ಯಾಯಾಧೀಶರದು. ಜಿಲ್ಲಾ ಹುದ್ದೆಗಳಲ್ಲಿ ಒಂದು ಪಾಲನ್ನು ಏಳು ವರ್ಷ ಅನುಭವವಿರುವ ವಕೀಲರಿಂದ ನೇರವಾಗಿ ತುಂಬುತ್ತಾರೆ. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷವಾಗಿದ್ದರೆ ಕೆಳಹಂತದ ನ್ಯಾಯಾಧೀಶರೂ ಈ ನೇರ ನೇಮಕಾತಿಗೆ ಅರ್ಹರೆಂದು 2025ರ ಅಕ್ಟೋಬರಿನಲ್ಲಿ ಸಂವಿಧಾನ ಪೀಠ ಹೇಳಿತು. ಒಂದು ಊರಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಆಮೇಲೆ ವರ್ಗ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಹುಟ್ಟಿದವರು ಹೀಗೆ ಬಸವಕಲ್ಯಾಣಕ್ಕೆ ಬಂದು ಬೀದರ್ ಕನ್ನಡ ಕಲಿಯುತ್ತಾರೆ.

ಹುಮನಾಬಾದ್ ಒಂದು ಗಂಟೆಯೊಳಗಿನ ದಾರಿಯಾದರೂ ಅಲ್ಲಿನ ಕೋರ್ಟಿನ ಕಡತಗಳಿಗೆ ಬೇರೆಯದೇ ಬಣ್ಣ. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಊರನ್ನು ಹಾದುಹೋಗುವುದರಿಂದ ಅಪಘಾತ ಪರಿಹಾರದ ಅರ್ಜಿಗಳು ತಪ್ಪುವುದಿಲ್ಲ. ಸತ್ತವನ ವರಮಾನದಲ್ಲಿ ಅವನ ಸ್ವಂತ ಖರ್ಚು ಕಳೆದು, ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವನಾದರೆ 17. ಇದು ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಕೋಷ್ಟಕ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆ 17 ಎಲ್ಲಿಂದ ಬಂತೆಂದು ತಿಳಿಯದಿದ್ದರೆ, ಸಿಕ್ಕ ಹಣ ಯಾರೋ ಕೊಟ್ಟ ಭಿಕ್ಷೆಯಂತೆ ಕಾಣುತ್ತದೆ. ತಿಳಿದರೆ ಅದು ಅವಳ ಹಕ್ಕು.

ಬೆಳಿಗ್ಗೆ ಕಾಲೇಜು, ಹನ್ನೊಂದಕ್ಕೆ ಕೋರ್ಟು

ನಮ್ಮ ಕಾನೂನು ಕಾಲೇಜುಗಳು ಬಹುಕಾಲ ನಡೆದದ್ದು ವಕೀಲರ ಬಲದಿಂದ. ವಕೀಲರಾದವರು ಬೇರೆ ಪೂರ್ಣಾವಧಿ ನೌಕರಿ ಹಿಡಿಯುವಂತಿಲ್ಲ. ಪಾಠ ಹೇಳುವುದಕ್ಕೆ ಮಾತ್ರ ರಿಯಾಯಿತಿ ಇದೆ. 1979ರ ನಿಯಮಗಳ ಪ್ರಕಾರ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಬಹುದು. ಬೆಳಿಗ್ಗೆ ಸಾಕ್ಷ್ಯ ಕಾಯ್ದೆಯ ಪಾಠ ಹೇಳಿ ಹನ್ನೊಂದಕ್ಕೆ ಅದೇ ಕಾಯ್ದೆಯಡಿ ಪಾಟೀಸವಾಲು ಮಾಡುವ ವಕೀಲರು ಜಿಲ್ಲಾ ಊರುಗಳಲ್ಲೆಲ್ಲ ಸಿಗುತ್ತಾರೆ.

ಪೀಠ ಏರಿದ ಮೇಲೆ? ಇದಕ್ಕೆ ಜಗತ್ತೇ ಒಪ್ಪಿದ ಉತ್ತರವೊಂದು ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. 2001ರ ಫೆಬ್ರವರಿಯಲ್ಲಿ ಹಲವು ದೇಶಗಳ ಮುಖ್ಯ ನ್ಯಾಯಮೂರ್ತಿಗಳು ಅಲ್ಲಿ ಸೇರಿ ನ್ಯಾಯಾಧೀಶರ ನಡವಳಿಕೆಯ ಕರಡು ಸಿದ್ಧಪಡಿಸಿದರು. ಮುಂದಿನ ವರ್ಷ ಹೇಗ್‌ನಲ್ಲಿ ಅದನ್ನು ತಿದ್ದಲಾಯಿತು. ‘ಬೆಂಗಳೂರು ತತ್ವಗಳು’ ಎಂದೇ ಅದಕ್ಕೆ ಹೆಸರು. ನ್ಯಾಯದಾನದ ಕೆಲಸಕ್ಕೆ ತೊಡಕಾಗದಿದ್ದರೆ ನ್ಯಾಯಾಧೀಶರು ಕಾನೂನಿನ ಬಗ್ಗೆ ಬರೆಯಬಹುದು, ಉಪನ್ಯಾಸ ಕೊಡಬಹುದು, ಕಲಿಸಬಹುದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮಿತಿಗಳೂ ಇವೆ. ಸೇವೆಯಲ್ಲಿರುವವರು ಬೇರೆ ಉದ್ಯೋಗ ಹಿಡಿಯುವಂತಿಲ್ಲ. ತಮ್ಮ ಮುಂದಿರುವ, ಬರಬಹುದಾದ ಪ್ರಕರಣದ ಬಗ್ಗೆ ಬಾಯಿ ಬಿಡುವಂತಿಲ್ಲ. ವಿದ್ಯಾರ್ಥಿಗಳು ಎಷ್ಟೇ ಕುತೂಹಲದಿಂದ ಕೇಳಿದರೂ ನಿನ್ನೆಯ ಸುದ್ದಿಯ ಪ್ರಕರಣಕ್ಕೆ ತರಗತಿಯಲ್ಲಿ ಉತ್ತರವಿಲ್ಲ.

ಈ ಎರಡೂ ಕೆಲಸಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿಕೊಂಡವರು ನಮ್ಮಲ್ಲಿದ್ದಾರೆ. ತೀರ್ಥಹಳ್ಳಿ ಕಡೆಯ ಆರಗದವರಾದ ನ್ಯಾ. ಎಂ. ರಾಮಾ ಜೋಯಿಸ್ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದಾಗಲೇ, 1984ರಲ್ಲಿ, ಭಾರತದ ಕಾನೂನು ಮತ್ತು ಸಂವಿಧಾನದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದರು. ಅದು ಕಾನೂನು ವಿದ್ಯಾರ್ಥಿಗಳ ಕೈಪಿಡಿಯಾಯಿತು. ಗಜೇಂದ್ರಗಡದ ಮೂಲದ ಸಂಸ್ಕೃತ ವಿದ್ವಾಂಸರ ಮನೆತನದ ಪಿ.ಬಿ. ಗಜೇಂದ್ರಗಡ್ಕರ್ ಭಾರತದ ಮುಖ್ಯ ನ್ಯಾಯಮೂರ್ತಿ ಹುದ್ದೆಯಿಂದ 1966ರಲ್ಲಿ ನಿವೃತ್ತರಾದ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾದರು. ಕಲ್ಯಾಣ ಕರ್ನಾಟಕದವರೇ ಆದ ನ್ಯಾ. ಶಿವರಾಜ ಪಾಟೀಲರು ಹುಟ್ಟಿದ್ದು ರಾಯಚೂರು ಜಿಲ್ಲೆಯ ಮಲದಕಲ್ಲಿನಲ್ಲಿ. ಕಲಬುರಗಿಯಲ್ಲಿ ವಕೀಲಿಕೆ ಮಾಡಿ, 1990ರಲ್ಲಿ ಹೈಕೋರ್ಟಿಗೂ 2000ದಲ್ಲಿ ಸುಪ್ರೀಂ ಕೋರ್ಟಿಗೂ ಏರಿದರು. ಅವರು ತೀರ್ಪುಗಳಾಚೆಗೆ ಬರೆದ ‘ಸಂಜೆಗೊಂದು ನುಡಿಚಿಂತನ’, ‘ಮುಂಜಾವಿಗೊಂದು ನುಡಿಕಿರಣ’ ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬಂದ ಪುಸ್ತಕಗಳು.

ಇದಕ್ಕೆ ಎದುರಿನ ದಾರಿಯೂ ಇದೆ: ಮೇಷ್ಟ್ರೇ ನ್ಯಾಯಾಧೀಶರಾಗುವುದು. ಸಂವಿಧಾನದ 124ನೇ ವಿಧಿಯ ಪ್ರಕಾರ ಹೆಸರಾಂತ ಕಾನೂನು ಪಂಡಿತರೊಬ್ಬರನ್ನು ನೇರವಾಗಿ ಸುಪ್ರೀಂ ಕೋರ್ಟಿಗೆ ನೇಮಿಸಬಹುದು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಈ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಇವತ್ತಿನವರೆಗೆ ಆ ಬಾಗಿಲಿನಿಂದ ಒಬ್ಬರೂ ಒಳಗೆ ಹೋಗಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ 2003ರಲ್ಲಿ ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯ ಮೊದಲ ನಿರ್ದೇಶಕರಾಗಿ ನ್ಯಾಯಾಧೀಶರಿಗೇ ಪಾಠ ಹೇಳಿಸಿದರು. ಅಂಥವರು ಪೀಠದ ಮೇಲೆ ಕೂತಿದ್ದರೆ ದೇಶಕ್ಕೆ ಲಾಭವೇ ಆಗುತ್ತಿತ್ತು ಎಂದು ನಾನು ನಂಬುತ್ತೇನೆ.

ಎಲ್ಲರೂ ವಿದ್ಯಾರ್ಥಿಗಳಾದ ದಿನ

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಮುಗಳ ಜಾಗದಲ್ಲಿ 358. ಕೊಲೆಗೆ 302 ಎಂಬುದು ಸಿನಿಮಾ ನೋಡುವ ಮಕ್ಕಳಿಗೂ ಗೊತ್ತಿತ್ತು, ಈಗ ಅದು 103. ಮೋಸಕ್ಕೆ 420 ಹೋಗಿ 318. ನಲವತ್ತು ವರ್ಷ ವಕೀಲಿಕೆ ಮಾಡಿದವರೂ ಹಳೆಯ–ಹೊಸ ಕಲಮುಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಹಾಗಾಗಿ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಇನ್ನೂ ಹಲವು ವರ್ಷ ಎರಡು ಪುಸ್ತಕಗಳು ಅಕ್ಕಪಕ್ಕದಲ್ಲೇ ಇರಬೇಕು.

ಯಾವ ಭಾಷೆಯಲ್ಲಿ ಕಲಿಯುವುದು, ಕಲಿಸುವುದು ಎಂಬುದು ಇದಕ್ಕಿಂತ ಹಳೆಯ ಪ್ರಶ್ನೆ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ, ಸಾಕ್ಷ್ಯವೂ ಬಹುಪಾಲು ಕನ್ನಡದಲ್ಲೇ ದಾಖಲಾಗುತ್ತದೆ. ಆದರೂ ತೀರ್ಪಿನ ಹೊತ್ತಿಗೆ ಇಂಗ್ಲಿಷು ಬರುತ್ತದೆ. ಹೈಕೋರ್ಟಿನಲ್ಲೇ ನ್ಯಾ. ಅರಳಿ ನಾಗರಾಜ್ ಕನ್ನಡದಲ್ಲಿ ತೀರ್ಪು ಬರೆದು ತೋರಿಸಿದರು. 2024ರ ಡಿಸೆಂಬರಿನಲ್ಲಿ ನ್ಯಾ. ಕೃಷ್ಣ ಎಸ್. ದೀಕ್ಷಿತ್ ಮತ್ತು ನ್ಯಾ. ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಓದಿತು. ಅವರಿಂದ ಆದದ್ದು ತಾಲ್ಲೂಕು ಕೋರ್ಟಿನಲ್ಲಿ ಆಗದೇ ಇರಲು ಕಾರಣವಿಲ್ಲ. ಹೊಲ ಕಳೆದುಕೊಂಡವನು ತನ್ನ ತೀರ್ಪನ್ನು ಓದಿಸಿಕೊಳ್ಳಲು ಇನ್ನೊಬ್ಬರಿಗೆ ಹಣ ಕೊಡಬೇಕಾಗಿ ಬಂದರೆ ಕಾರಣ ಕೊಟ್ಟೂ ಕೊಡದಂತೆ.

ಕೋರ್ಟಿನ ಹೊರಗಿನ ತರಗತಿ

ತಾಲ್ಲೂಕಿನ ನ್ಯಾಯಾಧೀಶರನ್ನು ಕಾನೂನೇ ಮೇಷ್ಟ್ರನ್ನಾಗಿಸಿರುವುದು ಕೆಲವರಿಗೆ ಮಾತ್ರ ಗೊತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರಂತೆ ಪ್ರತಿ ತಾಲ್ಲೂಕಿನಲ್ಲೂ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಜನರಿಗೆ ಕಾನೂನು ತಿಳಿಸಿಕೊಡುವುದು ಆ ಕಾಯ್ದೆಯ ಉದ್ದೇಶಗಳಲ್ಲೊಂದು. ಹಾಗಾಗಿ ಬಸವಕಲ್ಯಾಣ, ಹುಮನಾಬಾದಿನ ನ್ಯಾಯಾಧೀಶರು ಹಾಸ್ಟೆಲಿಗೆ, ಶಾಲೆಗೆ, ಪಂಚಾಯಿತಿ ಕಟ್ಟೆಗೆ ಹೋಗಿ ಮಾತಾಡುತ್ತಾರೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂಬುದು ಎಂಟನೇ ತರಗತಿಯ ಹುಡುಗಿಗೆ ತಿಳಿಯಬೇಕಾದ ಪಾಠ. ಅದನ್ನು ಊರಿನ ನ್ಯಾಯಾಧೀಶರೇ ಬಂದು ಹೇಳಿದರೆ ಹಿಂದಿನ ಬೆಂಚಿನಲ್ಲಿ ಕೂತ ಅವಳ ಸೋದರಮಾವನಿಗೂ ಕೇಳಿಸುತ್ತದೆ.

ಪಾಲಿನ ಪ್ರಶ್ನೆ ಹೊತ್ತ ಹೆಣ್ಣುಮಗಳೂ ಮೊದಲು ಹೋಗಬೇಕಾದದ್ದು ಕೋರ್ಟಿನ ಆವರಣದಲ್ಲೇ ಇರುವ ಈ ಸಮಿತಿಗೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈದಿಗಳು ಇವರೆಲ್ಲರಿಗೆ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಕೋರ್ಟು ಶುಲ್ಕದ ಖರ್ಚನ್ನೂ ಸಮಿತಿಯೇ ನೋಡಿಕೊಳ್ಳುತ್ತದೆ. ಲೋಕ ಅದಾಲತ್ತಿನಲ್ಲಿ ಅಣ್ಣತಮ್ಮಂದಿರೊಡನೆ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ್ದ ಶುಲ್ಕವೂ ವಾಪಸು ಬರುತ್ತದೆ.

ರಾಜಿಯಾಗದೆ ದಾವೆ ನಡೆದರೆ ಒಂದು ಮಾತು ನೆನಪಿರಲಿ. ಪಾಲಿನ ದಾವೆ ಗೆದ್ದಾಗ ಮೊದಲು ಕೈಗೆ ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರ ಪಾಲು ಎಷ್ಟು ಎಂದಷ್ಟೇ ಹೇಳುತ್ತದೆ. ನೆಲದ ಮೇಲೆ ಗಡಿ ಗುರುತಿಸಿ ಹೊಲ ಕೈಗೆ ಬರಲು ಮುಂದಿನ ಪ್ರಕ್ರಿಯೆ ಬೇರೆಯೇ ಇದೆ. ಗೆದ್ದೆವೆಂದು ಮನೆಗೆ ಹೋಗಿ ಹತ್ತಾರು ವರ್ಷ ಸುಮ್ಮನಿದ್ದವರು ಬಹಳ ಜನ. ಪ್ರಾಥಮಿಕ ಡಿಕ್ರಿಯಾದ ಕೂಡಲೇ ವಿಚಾರಣಾ ನ್ಯಾಯಾಲಯ ತಾನಾಗಿಯೇ ಮುಂದಿನ ಹಂತಕ್ಕೆ ಪ್ರಕರಣವನ್ನು ಎತ್ತಿಕೊಳ್ಳಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಪ್ರಕರಣ ಹಾಗೆ ಮುಂದೆ ಹೋಗಿದೆಯೇ ಎಂದು ವಕೀಲರನ್ನು ಕೇಳಿ. ವಕೀಲರನ್ನು ಹಿಡಿಯುವ ಶಕ್ತಿಯಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.